ಕಡಲು ಬಿಗಿದ ನಡುಪಟ್ಟಿ

ಆಸ್ಟ್ರೇಲಿಯಾದ ರಾಷ್ಟ್ರಗೀತೆಯ ಮೊದಲ ಚರಣದಲ್ಲಿ 'ಗರ್ಟ್' ಎಂಬ ಪುಟ್ಟ ಪದವೊಂದು ಬರುತ್ತದೆ. ನಾಡಿನ ಸುತ್ತ ಕಡಲಿದೆ ಎಂದು ಹೇಳುವ ಜಾಗ ಅದು. ಅಂಗಡಿಯಲ್ಲಾಗಲಿ ಕಚೇರಿಯಲ್ಲಾಗಲಿ ವಾರ್ತೆಯಲ್ಲಾಗಲಿ ಈ ಪದ ಯಾರ ಕಿವಿಗೂ ಬೀಳುವುದಿಲ್ಲ. ಆದರೂ ಸಿಡ್ನಿ, ಮೆಲ್ಬರ್ನ್‌ಗಳ ಕನ್ನಡದ ಮನೆಗಳಿಂದ ಶಾಲೆಗೆ ಹೋಗುವ ಮಕ್ಕಳೂ ಸೇರಿದಂತೆ ಅಲ್ಲಿನ ಎಳೆಯರೆಲ್ಲ ಅದನ್ನು ಬಾಯಿಪಾಠವಾಗಿ ಹಾಡುತ್ತಾರೆ. ಪೌರತ್ವ ಪಡೆಯುವ ಸಮಾರಂಭದಲ್ಲಿ ಹಿರಿಯರೂ ಎದ್ದು ನಿಂತು ಹಾಡುತ್ತಾರೆ. ಅರ್ಥ ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ, ತಿಳಿದವರು 'ಸರೌಂಡೆಡ್' ಎಂದು ಹೇಳಿ ಮುಗಿಸುತ್ತಾರೆ. ಈ ಪದದ ವಿಚಿತ್ರ ಅಲ್ಲಿ ಎಷ್ಟು ಮನೆಮಾತಾಗಿದೆಯೆಂದರೆ, ಡೇವಿಡ್ ಹಂಟ್ ಎಂಬ ಲೇಖಕ 2013ರಲ್ಲಿ ಪ್ರಕಟಿಸಿದ ಆಸ್ಟ್ರೇಲಿಯಾ ಚರಿತ್ರೆಯ ಹಾಸ್ಯಗ್ರಂಥಕ್ಕೆ ಇಟ್ಟ ಹೆಸರೇ 'ಗರ್ಟ್'. ಇದು ಹಳೇ ಕಾಲದವರ ಅಲಂಕಾರ, ಇವತ್ತಿನ ಸರಳ ಪದವೊಂದನ್ನು ಅಲ್ಲಿ ಕೂರಿಸಿದರೆ ಏನೂ ನಷ್ಟವಿಲ್ಲ ಎಂಬುದು ಸಾಮಾನ್ಯ ನಂಬಿಕೆ. ಆ ನಂಬಿಕೆ ತಪ್ಪು ಎಂಬುದು ನನ್ನ ವಾದ. ಸುತ್ತಲೂ ಇರುವುದು ಒಂದು ಸಂಗತಿ, ಸುತ್ತಿ ಬಿಗಿದು ಗಟ್ಟಿ ಮಾಡುವುದು ಇನ್ನೊಂದು. ಇಂಗ್ಲಿಷಿನಲ್ಲಿ ಎರಡನೆಯದನ್ನು ಹೇಳಲು ಉಳಿದಿರುವ ಕೆಲವೇ ಪದಗಳಲ್ಲಿ ಇದೊಂದು. ಇದರ ಒಳಗುಟ್ಟು ಇಂಗ್ಲಿಷರಿಗಿಂತ ಬೇಗ ಕನ್ನಡಿಗರಿಗೆ ತಿಳಿಯುತ್ತದೆ ಎಂದೂ ನನಗೆ ಅನ್ನಿಸುತ್ತದೆ.

'ಗರ್ಟ್' ಎನ್ನುವುದು 'ಗರ್ಡ್' ಎಂಬ ಕ್ರಿಯಾಪದದ ಭೂತರೂಪ. ಹಳೆಯ ಇಂಗ್ಲಿಷಿನ 'ಗ್ಯುರ್ದನ್' ಇದರ ಮೂಲ. ಸೊಂಟಕ್ಕೆ ಪಟ್ಟಿ ಕಟ್ಟುವುದು ಎಂದು ಅದರ ಅರ್ಥ. ನಡುಪಟ್ಟಿಗೆ ಹೇಳುವ 'ಗರ್ಡಲ್' ಇದೇ ಮನೆಯ ಮಗು. ಕುದುರೆಯ ಜೀನನ್ನು ಹೊಟ್ಟೆಯ ಅಡಿಯಿಂದ ಬಿಗಿಯುವ ಪಟ್ಟಿಗೂ ಮರದ ಸುತ್ತಳತೆಗೂ ಬಳಕೆಯಾಗುವ 'ಗರ್ತ್' ಹತ್ತಿರದ ನಂಟಿನದು. ಬೇಲಿ ಹಾಕಿದ ಅಂಗಳವನ್ನು ಹೇಳುವ 'ಯಾರ್ಡ್', ತೋಟವನ್ನು ಹೇಳುವ 'ಗಾರ್ಡನ್' ಪದಗಳನ್ನೂ ಭಾಷಾಶಾಸ್ತ್ರಜ್ಞರು ಇದೇ ಬೇರಿಗೆ ಸೇರಿಸುತ್ತಾರೆ. ಜರ್ಮನ್ನರು ಇವತ್ತಿಗೂ ಬೆಲ್ಟಿಗೆ 'ಗ್ಯುರ್ಟೆಲ್' ಎನ್ನುತ್ತಾರೆ. ಅಂದರೆ ಈ ಪದ ಹುಟ್ಟಿದ್ದು ಭೂಪಟದ ಮೇಲೆ ಗೆರೆ ಎಳೆಯಲಿಕ್ಕಲ್ಲ. ಮನುಷ್ಯನ ಮೈಯ ಮೇಲೆ, ಸರಿಯಾಗಿ ಸೊಂಟದ ಜಾಗದಲ್ಲಿ. ಕಡಲು, ಕೋಟೆ, ಬೆಟ್ಟಸಾಲುಗಳಿಗೆಲ್ಲ ಅದು ಹಬ್ಬಿದ್ದು ಆಮೇಲೆ. ಹಬ್ಬಿದಾಗಲೂ ಮೈಯ ನೆನಪನ್ನು ಬಿಟ್ಟುಕೊಟ್ಟಿಲ್ಲ. ಷೇಕ್ಸ್‌ಪಿಯರ್‌ನ ಪಕ್ ಎಂಬ ಕಿನ್ನರ 40 ನಿಮಿಷದಲ್ಲಿ ಭೂಮಿಯನ್ನು ಬಳಸಿ ಬರುವ ಮಾತಾಡುವಾಗ ಎತ್ತಿಕೊಳ್ಳುವುದು ನಡುಪಟ್ಟಿಯ ಪದವನ್ನೇ. ಕೋಲ್‌ರಿಜ್ 1816ರಲ್ಲಿ ಪ್ರಕಟಿಸಿದ 'ಕುಬ್ಲಾ ಖಾನ್' ಕವಿತೆಯಲ್ಲಿ ಅರಸನ ವಿಹಾರಭೂಮಿಗೆ ಗೋಡೆ ಗೋಪುರಗಳು ತೊಡಿಸಿರುವುದೂ ನಡುಪಟ್ಟಿಯನ್ನೇ. ಹೀಗೆ ಹೇಳಿದ ಕೂಡಲೇ ಒಳಗಿರುವ ನೆಲಕ್ಕೆ ಒಂದು ಮೈ ಬರುತ್ತದೆ, ಗೋಡೆ ಆ ಮೈಯ ಉಡುಗೆಯಾಗುತ್ತದೆ.

ಪದದ ನಿಜವಾದ ಕಸುವು ಕಾಣುವುದು 1611ರ ಇಂಗ್ಲಿಷ್ ಬೈಬಲಿನಲ್ಲಿ. ಅಲ್ಲಿನ ಜನ ತೊಡುತ್ತಿದ್ದದ್ದು ಕಣಕಾಲಿನವರೆಗೆ ಇಳಿಬೀಳುವ ಸಡಿಲ ನಿಲುವಂಗಿ. ನಿಂತು ಮಾತಾಡಲು, ಕೂತು ಉಣ್ಣಲು ಅದು ಸರಿ. ಓಡಲು, ಹೊರೆ ಹೊರಲು, ಕತ್ತಿ ಹಿಡಿಯಲು ಕಾಲಿಗೆ ತೊಡರುತ್ತದೆ. ಕೆಲಸಕ್ಕಿಳಿಯುವವನು ಅಂಗಿಯ ಅಂಚನ್ನು ಮೇಲಕ್ಕೆತ್ತಿ ಒಟ್ಟುಗೂಡಿಸಿ, ಸೊಂಟದ ಪಟ್ಟಿಯೊಳಗೆ ಬಿಗಿಯಾಗಿ ಸಿಕ್ಕಿಸಿ, ತೊಡೆ ಮೊಳಕಾಲುಗಳನ್ನು ಬಿಡಿಸಿಕೊಳ್ಳುತ್ತಿದ್ದ. ಪ್ರವಾದಿ ಎಲೀಯನು ಅಹಾಬ ಅರಸನ ರಥದ ಮುಂದೆ ಇಜ್ರೇಲಿನವರೆಗೆ ಓಡುವುದು ಹೀಗೆ ಕಟ್ಟಿಕೊಂಡ ಮೇಲೆಯೇ. ಯೋಬನಿಗೆ ದೇವರು ಎದ್ದು ಉತ್ತರ ಕೊಡು ಎನ್ನುವಾಗಲೂ ಇದೇ ಕ್ರಿಯಾಪದ. ಯೇಸು ಶಿಷ್ಯರ ಕಾಲು ತೊಳೆಯುವ ಮೊದಲು ಸೊಂಟಕ್ಕೆ ಟವೆಲು ಸುತ್ತಿಕೊಳ್ಳುವಾಗಲೂ ಇದೇ. ಪೇತ್ರನ ಪತ್ರದಲ್ಲಂತೂ ಮನಸ್ಸಿಗೇ ಒಂದು ಸೊಂಟವಿದೆ, ಅದನ್ನೂ ಕಟ್ಟಿಕೊಳ್ಳಬೇಕು. ಭತ್ತದ ನಾಟಿಗೆ ಗದ್ದೆಗಿಳಿಯುವ ಹೆಂಗಸು ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸುವುದನ್ನು ಕಂಡವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಒಂದು ಕೆಲಸಕ್ಕೆ ಟೊಂಕ ಕಟ್ಟಿ ನಿಲ್ಲುತ್ತಾರೆ. ಕನ್ನಡ ಬೈಬಲ್ ಓದುವವರಿಗೆ 'ನಡುಕಟ್ಟು' ಎಂಬ ಮಾತು ಪರಿಚಿತ. ಉಪನಯನದಲ್ಲಿ ವಟುವಿನ ನಡುವಿಗೆ ಮೌಂಜಿಯನ್ನು ಕಟ್ಟುವುದರ ಹಿಂದಿರುವುದೂ ಇದೇ ಭಾವ: ಇನ್ನು ಮುಂದೆ ಇವನ ಮೈ ಒಂದು ಕೆಲಸಕ್ಕೆ ಮೀಸಲು. ಬಟ್ಟೆಯನ್ನು ಸುತ್ತುವುದು ಇಲ್ಲಿ ಹೊರಗಿನ ಕ್ರಿಯೆ, ಸಿದ್ಧವಾಗುವುದು ಒಳಗಿನದು. 'ಗರ್ಡ್' ಎರಡನ್ನೂ ಒಟ್ಟಿಗೆ ಹೇಳುತ್ತದೆ. ಚುನಾವಣೆಗೆ, ಯುದ್ಧಕ್ಕೆ, ಬರಗಾಲಕ್ಕೆ ಯಾರೋ ಸಿದ್ಧರಾಗುತ್ತಿದ್ದಾರೆ ಎನ್ನಲು ಇಂಗ್ಲಿಷ್ ಪತ್ರಿಕೆಗಳು ಇವತ್ತಿಗೂ ಈ ಪದವನ್ನು ಬಳಸುವುದು ಆ ಎರಡನೆಯ ಅರ್ಥದ ಬಲದಿಂದ.

ಈಗ ಅದರ ಜಾಗಕ್ಕೆ ಬರಬೇಕೆಂದು ಕೆಲವರು ಬಯಸುವ 'ಸರೌಂಡ್' ಪದವನ್ನು ನೋಡೋಣ. ಅದರ ಚರಿತ್ರೆ ತಿಳಿದರೆ ಅಚ್ಚರಿಯಾಗುತ್ತದೆ. ಲ್ಯಾಟಿನ್ನಿನಲ್ಲಿ ಅಲೆಗೆ 'ಉಂದ' ಎನ್ನುತ್ತಾರೆ. ಅಲೆ ಉಕ್ಕಿ ಮೇಲೆ ಹರಿಯುವುದನ್ನು ಹೇಳುವ ಕ್ರಿಯಾಪದವೊಂದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಹೊಳೆ ಉಕ್ಕಿ ಹೊಲವನ್ನು ಮುಳುಗಿಸುವುದೇ ಅದರ ಮೊದಲ ಅರ್ಥ. ಪದದ ಕೊನೆಯಲ್ಲಿ 'ರೌಂಡ್' ಎಂಬ ಸದ್ದು ಕೇಳಿಸಿದ್ದರಿಂದ ಜನ ಅದನ್ನು ವೃತ್ತದೊಂದಿಗೆ ತಳುಕು ಹಾಕಿ, 17ನೇ ಶತಮಾನದ ಹೊತ್ತಿಗೆ ಸುತ್ತುವರಿ ಎಂಬ ಅರ್ಥದಲ್ಲಿ ಬಳಸತೊಡಗಿದರು. ಮೂಲಾರ್ಥವನ್ನು ಹಿಡಿದು ಹೋದರೆ ಕಡಲು ದೇಶವನ್ನು 'ಸರೌಂಡ್' ಮಾಡುವುದೆಂದರೆ ಮುಳುಗಿಸುವುದು. ಮೂಲಾರ್ಥವೇ ಎಂದೆಂದಿಗೂ ಸರಿ ಎಂದು ನಾನು ಹೇಳುತ್ತಿಲ್ಲ. ಪದಗಳು ಬದಲಾಗುತ್ತವೆ, ಬದಲಾದ ಅರ್ಥವೇ ಜೀವಂತ ಅರ್ಥ. ಆದರೆ ಇವತ್ತಿನ ಬಳಕೆಯಲ್ಲೂ 'ಸರೌಂಡ್' ಪದಕ್ಕೆ ಒಳಗಿರುವವರ ಪರವಾಗಿ ನಿಲ್ಲುವ ಗುಣವಿಲ್ಲ. ಪೊಲೀಸರು ಕಳ್ಳನ ಮನೆಯನ್ನು, ಸೈನ್ಯ ಊರನ್ನು, ಪತ್ರಕರ್ತರು ಮಂತ್ರಿಯನ್ನು ಸುತ್ತುವರಿಯುತ್ತಾರೆ. ಕನ್ನಡದ 'ಮುತ್ತು' ಎಂಬ ಕ್ರಿಯಾಪದ, ಅದರಿಂದ ಬಂದ 'ಮುತ್ತಿಗೆ' ಈ ಕಡೆ ವಾಲುವ ಪದಗಳು. 'ಬಳಸು', 'ಆವರಿಸು' ನಡುವೆ ನಿಲ್ಲುತ್ತವೆ. 'ಉಡು', 'ತೊಡು', 'ಕಟ್ಟಿಕೊ' ಇನ್ನೊಂದು ಕಡೆ. ಇಂಗ್ಲಿಷ್ ಕಲಿಯುವವರು ಈ ಭೇದವನ್ನು ನೆನಪಿಟ್ಟುಕೊಂಡರೆ 'ಗರ್ಡ್' ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪುವುದಿಲ್ಲ ಎಂಬುದು ತಾನಾಗಿ ಬಗೆಹರಿಯುತ್ತದೆ. ಕಳ್ಳನ ಮನೆಯನ್ನು ಪೊಲೀಸರು 'ಗರ್ಡ್' ಮಾಡಲಾರರು.

ಬಿಗಿಯುವುದರಿಂದ ಬಲ ಬರುತ್ತದೆ ಎಂಬ ಅರ್ಥಕ್ಕೆ ಸಾಕ್ಷಿ ಬೇಕಿದ್ದರೆ ಕಾವ್ಯಕ್ಕೆ ಹೋಗಬೇಕಾಗಿಲ್ಲ, ಕಟ್ಟಡ ಕಟ್ಟುವ ಜಾಗಕ್ಕೆ ಹೋದರೆ ಸಾಕು. ಬೆಂಗಳೂರಿನಲ್ಲಿ ಮೆಟ್ರೊ ಕಂಬಗಳ ಮೇಲೆ ಕ್ರೇನಿನಿಂದ ಇಳಿಸುವ ಗರ್ಡರ್ ಎಲ್ಲರಿಗೂ ಗೊತ್ತು. 'ಗರ್ಡ್' ಮಾಡುವುದೇ 'ಗರ್ಡರ್'. ತೊಲೆ ಯಾವುದನ್ನೂ ವೃತ್ತಾಕಾರವಾಗಿ ಸುತ್ತುವುದಿಲ್ಲ; ಆದರೂ ಈ ಹೆಸರು ಬಂದದ್ದು ಅದು ಕಟ್ಟಡದ ಭಾಗಗಳನ್ನು ಹಿಡಿದು ಭಾರ ಹೊರುತ್ತದೆಂಬ ಕಾರಣಕ್ಕೆ. ಇದರ ಎದುರಿಗೆ ಇನ್ನೊಂದು ಸಾಕ್ಷಿಯನ್ನೂ ಇಡಬೇಕು, ಏಕೆಂದರೆ ಪಟ್ಟಿಯೆಲ್ಲವೂ ಕಾಯುವ ಪಟ್ಟಿಯಲ್ಲ. ಕಾಡಿನ ಕೆಲಸದಲ್ಲಿ 'ಗರ್ಡ್ಲಿಂಗ್' ಎಂದರೆ ಮರದ ಬೊಡ್ಡೆಯ ಸುತ್ತ ಪಟ್ಟಿಯಾಕಾರದಲ್ಲಿ ತೊಗಟೆಯನ್ನು ಕೆತ್ತಿ ತೆಗೆಯುವುದು. ಎಲೆಗಳು ತಯಾರಿಸಿದ ಸಕ್ಕರೆ ಬೇರಿಗಿಳಿಯುವುದು ತೊಗಟೆಯ ಒಳಪದರದ ಮೂಲಕ. ಅದು ತುಂಡಾದರೆ ಬೇರು ಉಪವಾಸ ಬಿದ್ದು ಮರ ನಿಂತಲ್ಲೇ ಸಾಯುತ್ತದೆ. ಹಸಿ ತೇಗ ನೀರಿನಲ್ಲಿ ತೇಲದು. ಅದಕ್ಕೇ ಬರ್ಮಾ, ಮಲಬಾರುಗಳ ತೇಗದ ಕಾಡುಗಳಲ್ಲಿ ತೊಗಟೆಯ ಜತೆಗೆ ಅದರ ಕೆಳಗಿನ ಎಳೆಯ ಮರವನ್ನೂ ಉಂಗುರದಂತೆ ಕಡಿದು, ಮರವನ್ನು ಎರಡು ಮೂರು ವರ್ಷ ನಿಂತ ಹಾಗೆಯೇ ಒಣಗಲು ಬಿಟ್ಟು, ಆಮೇಲೆ ಉರುಳಿಸಿ ಹೊಳೆಗೆ ಬಿಡುತ್ತಿದ್ದರು. ಅದೇ ಉಂಗುರವನ್ನು ಮರದ ಬೊಡ್ಡೆಗಲ್ಲದೆ ಒಂದು ಕೊಂಬೆಗೆ ಮಾತ್ರ ಹಾಕಿ, ಒದ್ದೆ ಪಾಚಿ ಸುತ್ತಿ ಕಟ್ಟಿದರೆ ಗಾಯದ ಮೇಲಂಚಿನಿಂದ ಹೊಸ ಬೇರು ಒಡೆಯುತ್ತದೆ. ದಾಳಿಂಬೆಗೆ, ಸೀಬೆಗೆ ನಮ್ಮ ತೋಟಗಾರರು ಗೂಟಿ ಕಟ್ಟುವುದು ಹೀಗೆ. ನಡುವಿಗೆ ಬಿಗಿದದ್ದು ಉಳಿಸುತ್ತದೋ ಕೊಲ್ಲುತ್ತದೋ ಎಂಬುದನ್ನು ನಿರ್ಧರಿಸುವುದು ಅದನ್ನು ಯಾರು, ಎಲ್ಲಿ, ಯಾವ ಉದ್ದೇಶಕ್ಕೆ ಬಿಗಿದರು ಎಂಬುದು. ಈ ಮಾತು ಮುಂದೆ ಬೇಕಾಗುತ್ತದೆ.

ರಾಷ್ಟ್ರಗೀತೆಗೆ ಬರುತ್ತೇನೆ. ಅದನ್ನು ರಚಿಸಿದವನು ಪೀಟರ್ ಡಾಡ್ಸ್ ಮೆಕಾರ್ಮಿಕ್, ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಸಿಡ್ನಿಯಲ್ಲಿ ನೆಲೆಸಿದ ಶಾಲಾಮಾಸ್ತರ. ನಾನಾ ದೇಶಗಳ ರಾಷ್ಟ್ರಗೀತೆಗಳನ್ನು ಹಾಡಿದ ಸಂಗೀತಸಭೆಯೊಂದರಲ್ಲಿ ಆಸ್ಟ್ರೇಲಿಯಾದ್ದೊಂದೂ ಇಲ್ಲದ್ದನ್ನು ಕಂಡು ಬರೆದೆನೆಂದು ಅವನೇ ಹೇಳಿಕೊಂಡಿದ್ದಾನೆ. ಅದನ್ನು ಮೊದಲು ಹಾಡಿದ್ದು 1878ರಲ್ಲಿ. ಆಗ ಆಸ್ಟ್ರೇಲಿಯಾ ಎಂಬ ದೇಶವೇ ಇರಲಿಲ್ಲ ಎಂಬುದು ಇಲ್ಲಿ ಮುಖ್ಯ. ಇದ್ದದ್ದು ಬ್ರಿಟನ್ನಿನ ಆರು ಬೇರೆ ಬೇರೆ ವಸಾಹತುಗಳು, ಒಂದೊಂದಕ್ಕೂ ಅದರದೇ ಸರ್ಕಾರ. ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ನಡುವೆ ಹರಿಯುವ ಮರ್ರೆ ನದಿಯ ದಡದಲ್ಲಿ ಸುಂಕದ ಕಟ್ಟೆಗಳಿದ್ದವು. ನ್ಯೂ ಸೌತ್ ವೇಲ್ಸಿನ ರೈಲು ಹಳಿಗಳ ನಡುವಿನ ಅಗಲ 4 ಅಡಿ ಎಂಟೂವರೆ ಅಂಗುಲ, ವಿಕ್ಟೋರಿಯಾದ್ದು 5 ಅಡಿ 3 ಅಂಗುಲ, ಕ್ವೀನ್ಸ್‌ಲೆಂಡಿನದು 3 ಅಡಿ 6 ಅಂಗುಲ. ಗಡಿಯ ಆಲ್ಬರಿಯಲ್ಲಿ ಹಳಿಗಳು ಎದುರುಬದುರಾದಾಗ ಪ್ರಯಾಣಿಕರು ಇಳಿದು ಬೇರೆ ರೈಲು ಹತ್ತಬೇಕಾಯಿತು. ಒಳಗೆ ಇಷ್ಟು ಬಿಡಿಬಿಡಿಯಾಗಿದ್ದ ನೆಲವನ್ನು 'ನಮ್ಮ ಮನೆ' ಎಂದು ಏಕವಚನದಲ್ಲಿ ಕರೆಯಲು ಆ ಮಾಸ್ತರನಿಗೆ ಆಧಾರವಾಗಿದ್ದದ್ದು ಏನು? ಎಲ್ಲ ವಸಾಹತುಗಳಿಗೂ ಸೇರಿದ ಒಂದೇ ಗಡಿ, ಕಡಲು. ಸಡಿಲ ಅಂಗಿಯನ್ನು ನಡುಪಟ್ಟಿ ಒಟ್ಟುಗೂಡಿಸುವಂತೆ ಈ ಪದ ಆರು ತುಂಡುಗಳನ್ನು ಒಂದು ಮೈಯಾಗಿ ಬಿಗಿಯುತ್ತದೆ. ಆ ಆರೂ ಒಕ್ಕೂಟವಾಗಿ ಸೇರಿದ್ದು 1901ರ ಜನವರಿ 1ರಂದು, ಅಂದರೆ ಹಾಡು ಹುಟ್ಟಿ ಎರಡು ದಶಕ ದಾಟಿದ ಮೇಲೆ. ಅಂದು ಸಿಡ್ನಿಯ ಸಮಾರಂಭದಲ್ಲಿ ದೊಡ್ಡ ಗಾಯನವೃಂದ ಇದೇ ಹಾಡನ್ನು ಹಾಡಿತು.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಮೆಕಾರ್ಮಿಕ್ ಇಷ್ಟೆಲ್ಲ ಯೋಚಿಸಿರಲಾರ. ಛಂದಸ್ಸಿಗೆ ಒಂದೇ ಉಚ್ಚಾರದ ಪದ ಬೇಕಿತ್ತು, ಮೂರು ಉಚ್ಚಾರದ 'ಸರೌಂಡೆಡ್' ಅಲ್ಲಿ ಕೂರುತ್ತಿರಲಿಲ್ಲ, ಅಷ್ಟೇ. ಜತೆಗೆ 'ಸೀ-ಗರ್ಟ್' ಎಂಬ ಸಮಾಸ ಇಂಗ್ಲಿಷ್ ಪದ್ಯಗಳಲ್ಲಿ ಸವೆದುಹೋದ ನಾಣ್ಯ. ಮಿಲ್ಟನ್ 1634ರಲ್ಲೇ 'ಕೋಮಸ್' ರೂಪಕದಲ್ಲಿ ದ್ವೀಪಗಳಿಗೆ ಅದನ್ನು ತೊಡಿಸಿದ್ದ. ಆಮೇಲೆ ಬಂದವರು ದ್ವೀಪವೆಂದರೆ ಸಾಕು, ಕಣ್ಣುಮುಚ್ಚಿ ಅದನ್ನೇ ಬರೆದರು. ಈ ಎರಡು ಮಾತನ್ನೂ ನಾನು ಒಪ್ಪುತ್ತೇನೆ. ಆದರೆ ಛಂದಸ್ಸು ಕವಿಯನ್ನು ಒಂದು ಪದದ ಹತ್ತಿರ ತಳ್ಳಿದ ಮಾತ್ರಕ್ಕೆ ಆ ಪದ ತನ್ನ ಅರ್ಥವನ್ನು ಕಳಚಿಟ್ಟು ಬರುವುದಿಲ್ಲ. ಕವಿಸಮಯಗಳ ವಿಷಯದಲ್ಲಿ ನಮಗಂತೂ ಇದು ಹೊಸತಲ್ಲ. ಭೂಮಿಗೆ 'ಸಮುದ್ರವಸನೆ' ಎಂಬ ವಿಶೇಷಣ ಬೆಳಗಿನ ಪ್ರಾರ್ಥನೆಯಲ್ಲೇ ಇದೆ. ಕಡಲನ್ನು ಭೂಮಿಯ ಸೀರೆಯಾಗಿ, ಮೇಖಲೆಯಾಗಿ, ಕಾಂಚೀದಾಮವಾಗಿ ಕಂಡ ಸಂಸ್ಕೃತ, ಕನ್ನಡ ಕವಿಗಳಿಗೆ ಲೆಕ್ಕವಿಲ್ಲ. ಸಾವಿರ ಬಾರಿ ಬಳಸಿದ್ದರಿಂದ ಆ ಮಾತು ಸವೆದಿರಬಹುದು, ಆದರೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲು ಭೂಮಿಯ ಕ್ಷಮೆ ಕೇಳುವವನಿಗೆ ಅದು ಇವತ್ತಿಗೂ ಭೂಮಿಯನ್ನು ಒಬ್ಬ ತಾಯಿಯಾಗಿ ತೋರಿಸುತ್ತದೆ. ಎರಡು ದೂರದ ಭಾಷಾಪರಂಪರೆಗಳು ಕಡಲನ್ನು ಕಂಡು ಸೊಂಟದ ಉಡುಗೆಯನ್ನೇ ನೆನೆದಿವೆ ಎಂದಮೇಲೆ ಅದು ಪ್ರಾಸಕ್ಕಾಗಿ ಹುಡುಕಿದ ಮಾತು ಎಂದು ತಳ್ಳಿಹಾಕುವುದು ಕಷ್ಟ.

ಯಾರಿಗೂ ಅರ್ಥವಾಗದ ಪದ ರಾಷ್ಟ್ರಗೀತೆಯಲ್ಲಿ ಏಕಿರಬೇಕು ಎಂಬುದು ಇನ್ನೊಂದು ಆಕ್ಷೇಪ. ಆಸ್ಟ್ರೇಲಿಯಾದವರು ಈ ಹಾಡನ್ನು ಮುಟ್ಟಬಾರದೆಂದು ಇಟ್ಟುಕೊಂಡವರೇನಲ್ಲ. 1977ರ ಜನಮತದಲ್ಲಿ ನಾಲ್ಕು ಹಾಡುಗಳ ನಡುವೆ ಇದು ಶೇ. 43ರಷ್ಟು ಮತ ಪಡೆದು ಗೆದ್ದಿತು. 'ವಾಲ್ಟ್ಸಿಂಗ್ ಮಟಿಲ್ಡಾ' ಶೇ. 28ರೊಂದಿಗೆ ಎರಡನೆಯದಾಯಿತು. 1984ರ ಏಪ್ರಿಲ್ 19ರಂದು ಅಧಿಕೃತ ರಾಷ್ಟ್ರಗೀತೆಯಾಗಿ ಘೋಷಿಸುವಾಗ ಗಂಡುಮಕ್ಕಳನ್ನು ಮಾತ್ರ ಕರೆಯುತ್ತಿದ್ದ ಆರಂಭವನ್ನು ಬದಲಿಸಿ ಎಲ್ಲರನ್ನೂ ಒಳಗೊಳ್ಳುವಂತೆ ಮಾಡಿದರು. ಕ್ಯಾಪ್ಟನ್ ಕುಕ್‌ನನ್ನೂ ಬ್ರಿಟನ್ನನ್ನೂ ಹೊಗಳುವ ಚರಣಗಳನ್ನು ಕೈಬಿಟ್ಟರು. 2021ರ ಜನವರಿ 1ರಿಂದ, ನಾಡು 'ಎಳೆಯದು' ಎನ್ನುತ್ತಿದ್ದ ಜಾಗದಲ್ಲಿ 'ಒಂದು' ಎಂಬ ಪದ ಬಂದಿತು. ಹತ್ತಾರು ಸಾವಿರ ವರ್ಷಗಳಿಂದ ಅಲ್ಲಿ ಬಾಳಿರುವ ಮೂಲನಿವಾಸಿಗಳ ನೆಲವನ್ನು ಎಳೆಯದೆನ್ನುವುದು ಅನ್ಯಾಯ ಎಂಬ ಅರಿವಿನಿಂದ ಆದ ತಿದ್ದುಪಡಿ ಅದು. ಇಷ್ಟು ಸಲ ಕೈಯಾಡಿಸಿದರೂ 'ಗರ್ಟ್' ಉಳಿಯಿತು. ಸುಮ್ಮನೆ ಯಾರೂ ತಲೆ ಕೆಡಿಸಿಕೊಳ್ಳದೆ ಉಳಿದಿರಬಹುದು ಎಂದು ಹೇಳಬಹುದು. ಇರಬಹುದು. ಆದರೆ ತಿದ್ದಿದ ಪದಗಳನ್ನು ನೋಡಿ: ಎರಡೂ ಕಡೆ ತಿದ್ದಿದ್ದು ಜನರನ್ನು ಹೊರಗಿಟ್ಟ ಮಾತುಗಳನ್ನು. ಅರ್ಥವಾಗದಿರುವುದು ಅಂಥ ತಪ್ಪಲ್ಲ; ಮಗು ಮನೆಗೆ ಬಂದು ಅಪ್ಪ ಅಮ್ಮನನ್ನು ಕೇಳಿದರೆ ಸರಿಹೋಗುತ್ತದೆ. ಸಮುದಾಯವೊಂದು ಹಳೆಯ ಪದದ ಅರ್ಥವನ್ನು ಎಳೆಯರಿಗೆ ದಾಟಿಸಲು ಇರುವ ಕೆಲವೇ ಜಾಗಗಳಲ್ಲಿ ಒಟ್ಟಿಗೆ ನಿಂತು ಹಾಡುವ ಹಾಡೂ ಒಂದು.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಬೇರೆಯೇ ಇದೆ. ಆ ಕಡಲು ಎಲ್ಲರಿಗೂ ನಡುಪಟ್ಟಿಯಾಗಿತ್ತೆ? 1788ರಿಂದ 1868ರವರೆಗೆ ಬ್ರಿಟನ್ ಸುಮಾರು 1,62,000 ಕೈದಿಗಳನ್ನು ಹಡಗಿನಲ್ಲಿ ತಂದು ಅಲ್ಲಿ ಇಳಿಸಿತು. ಅವರಿಗೆ ಕಡಲೇ ಜೈಲಿನ ಗೋಡೆ. ಕೊನೆಯ ಕೈದಿ ಹಡಗು ಬಂದು ಹತ್ತೇ ವರ್ಷಕ್ಕೆ ಅದೇ ಕಡಲು ಹಾಡಿನಲ್ಲಿ ಒಡವೆಯಾಯಿತು. ಒಕ್ಕೂಟವಾದ ವರ್ಷವೇ, 1901ರಲ್ಲಿ, ಬಂದ ವಲಸೆ ನಿರ್ಬಂಧ ಕಾಯ್ದೆ ಏಷ್ಯಾದವರನ್ನು, ನಮ್ಮವರನ್ನೂ ಸೇರಿಸಿ, ದೂರವಿಡಲು ಭಾಷೆಯನ್ನೇ ಬೇಲಿ ಮಾಡಿತು. ಬಂದವನಿಗೆ ಅಧಿಕಾರಿ ತನಗಿಷ್ಟವಾದ ಯಾವುದೇ ಯುರೋಪಿನ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಕೊಡಬಹುದಿತ್ತು; ಬರೆಯಲಾಗದವನು ಹೊರಗೆ. 1934ರಲ್ಲಿ ಪ್ರಾಗ್ ನಗರದ ಲೇಖಕ ಎಗೊನ್ ಕಿಶ್, ಇಳಿಯಲು ಬಿಡದ ಹಡಗಿನಿಂದ ಮೆಲ್ಬರ್ನ್ ಬಂದರಿನಲ್ಲಿ ಧುಮುಕಿ ಕಾಲು ಮುರಿದುಕೊಂಡ. ಹಲವು ಭಾಷೆ ಬಲ್ಲ ಅವನನ್ನು ಸೋಲಿಸಲು ಸಿಡ್ನಿಯಲ್ಲಿ ಅವನಿಗೆ ಸ್ಕಾಟಿಷ್ ಗೇಲಿಕ್ ಭಾಷೆಯಲ್ಲಿ ಪರೀಕ್ಷೆ ಕೊಟ್ಟರು. ಅದು ಕಾಯ್ದೆ ಹೇಳುವ ಅರ್ಥದಲ್ಲಿ ಯುರೋಪಿನ ಭಾಷೆಯಲ್ಲ ಎಂದು ಹೈಕೋರ್ಟು ತೀರ್ಪು ಕೊಟ್ಟಿತು. ಈ ಪರೀಕ್ಷೆ ರದ್ದಾದದ್ದು 1958ರಲ್ಲಿ. ಇಂಥ ಚರಿತ್ರೆಯಿರುವಾಗ ಕಡಲಿನ ಪಟ್ಟಿಯನ್ನು ಹಾಡಿಹೊಗಳುವುದು ಬೇಲಿಯನ್ನು ಹೊಗಳಿದಂತಲ್ಲವೇ? ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಆದರೆ ಉತ್ತರಕ್ಕೆ ಪದದಲ್ಲೇ ಜಾಗವಿದೆ. ಯೋಹಾನನ ಸುವಾರ್ತೆಯ ಕೊನೆಯಲ್ಲಿ ಯೇಸು ಪೇತ್ರನಿಗೆ ಹೇಳುವ ಮಾತಿನಲ್ಲಿ ಈ ಕ್ರಿಯಾಪದ ಎರಡು ಸಲ ಬರುತ್ತದೆ: ಪ್ರಾಯದಲ್ಲಿ ತಾನೇ ನಡುಕಟ್ಟಿಕೊಂಡು ಬೇಕಾದಲ್ಲಿ ತಿರುಗಾಡಿದವನನ್ನು ಮುಪ್ಪಿನಲ್ಲಿ ಬೇರೊಬ್ಬ ಕಟ್ಟಿ, ಬೇಡದ ಕಡೆಗೆ ಒಯ್ಯುತ್ತಾನೆ. ತಾನೇ ಕಟ್ಟಿಕೊಂಡರೆ ಸಿದ್ಧತೆ, ಬೇರೆಯವರು ಕಟ್ಟಿದರೆ ಸೆರೆ. 'ಸರೌಂಡ್' ಎಂಬ ಪದ ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ, ಅದಕ್ಕೆ ಕಟ್ಟಿದವರು ಯಾರೆಂಬುದು ಬೇಕಿಲ್ಲ. 'ಗರ್ಟ್' ಎಂದ ಕೂಡಲೇ ಯಾರು ಕಟ್ಟಿದರು, ಯಾರ ಮೈಗೆ ಎಂದು ಕೇಳಬೇಕಾಗುತ್ತದೆ.

ಆ ಪ್ರಶ್ನೆಗೆ ಒಂದು ಉತ್ತರ ದೇಶದ ತೀರ ಉತ್ತರದ ಅಂಚಿನಲ್ಲಿ, ಟಾರೆಸ್ ಜಲಸಂಧಿಯಲ್ಲಿ ಸಿಗುತ್ತದೆ. ಅಲ್ಲಿನ ಸೈಬಾಯ್, ಬೊಯ್ಗು ದ್ವೀಪಗಳು ಆಸ್ಟ್ರೇಲಿಯಾಕ್ಕೆ ಸೇರಿದವು, ಆದರೆ ಪಪುವಾ ನ್ಯೂ ಗಿನಿಯ ಕರಾವಳಿ ಅಲ್ಲಿಂದ ಕೆಲವೇ ಕಿಲೋಮೀಟರು. ದ್ವೀಪವಾಸಿಗಳು ತಲೆಮಾರುಗಳಿಂದ ದೋಣಿಯಲ್ಲಿ ಆಚೆಗೆ ಹೋಗಿ ನೆಂಟಸ್ತನ, ವ್ಯಾಪಾರ, ಹಬ್ಬ ನಡೆಸಿಕೊಂಡು ಬಂದವರು. ಕಡಲೂ ಅವರಿಗೆ ನಾಡಿನ ಭಾಗವೇ. ಎರಡು ದೇಶಗಳು 1978ರಲ್ಲಿ ಸಹಿ ಹಾಕಿದ, 1985ರಲ್ಲಿ ಜಾರಿಗೆ ಬಂದ ಒಪ್ಪಂದ ಈ ಸಂಬಂಧವನ್ನು ಒಪ್ಪಿಕೊಂಡಿತು. ಗೊತ್ತುಮಾಡಿದ ವಲಯದೊಳಗೆ ಎರಡೂ ಕಡೆಯ ಸಾಂಪ್ರದಾಯಿಕ ನಿವಾಸಿಗಳು ತಮ್ಮ ರೂಢಿಯ ಕೆಲಸಗಳಿಗೆ ಪಾಸ್‌ಪೋರ್ಟು, ವೀಸಾ ಇಲ್ಲದೆ ಓಡಾಡಬಹುದು. ಅದೇ ರಾಷ್ಟ್ರಗೀತೆಯ ಎರಡನೆಯ ಚರಣ ಕಡಲು ದಾಟಿ ಬಂದವರೊಂದಿಗೆ ನೆಲ ಹಂಚಿಕೊಳ್ಳುವ ಮಾತಾಡುತ್ತದೆ ಎಂಬುದನ್ನೂ ಇದರೊಂದಿಗೆ ಓದಿಕೊಳ್ಳಬೇಕು. ಆ ಹಾಡನ್ನು ಯಾರಾದರೂ ಕನ್ನಡಕ್ಕೆ ತರುವುದಾದರೆ 'ಸುತ್ತುವರಿದ' ಎಂಬುದನ್ನು ಬಿಟ್ಟು 'ಕಡಲನ್ನು ನಡುವಿಗೆ ಉಟ್ಟ' ಎಂಬ ದಾರಿಯಲ್ಲಿ ಹೋಗಲಿ ಎಂಬುದು ನನ್ನ ಆಸೆ. ಉಟ್ಟದ್ದನ್ನು ಬಿಗಿ ಮಾಡಬಹುದು, ಉಸಿರು ಕಟ್ಟಿದರೆ ಸಡಿಲಿಸಲೂಬಹುದು; ಸೈಬಾಯ್ ಮತ್ತು ಪಪುವಾ ಕರಾವಳಿಯ ನಡುವೆ ಆ ಒಪ್ಪಂದ ಮಾಡಿರುವುದು ಅದನ್ನೇ.